ಹಾರ್ಟ್ ಫೇಲ್ಯೂರ್: ಮಾತ್ರೆ ನುಂಗದವರನ್ನು ಬೈದರೆ ಸಾಕಾ?

ಪೀಣ್ಯ ಹುಡುಗ: ನಮ್ಮ ಚಿಕ್ಕಮ್ಮನಿಗೆ ಹಾರ್ಟ್ ಫೇಲ್ಯೂರ್, ಅಂದರೆ ಹೃದಯಕ್ಕೆ ರಕ್ತ ಪಂಪ್ ಮಾಡುವ ಶಕ್ತಿ ಕಮ್ಮಿ, ಮೈಯಲ್ಲಿ ನೀರು ನಿಲ್ಲುತ್ತದೆ. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ಮತ್ತೆ ಅಡ್ಮಿಟ್ ಆದರು. ಡಾಕ್ಟರ್ ವಾರ್ಡಿನಲ್ಲಿ ಎಲ್ಲರ ಮುಂದೆ "ಮಾತ್ರೆ ನುಂಗಲ್ಲ, ಉಪ್ಪು ಬಿಡಲ್ಲ, ಆಮೇಲೆ ಇಲ್ಲಿಗೆ ಬರ್ತೀರಿ" ಎಂದು ಬೈದರು. ಇದು ಸರೀನಾ?

ಲೆಕ್ಕದ ಮೇಷ್ಟ್ರು: ಬೈದದ್ದು ತಪ್ಪಿರಬಹುದು, ಹೇಳಿದ್ದು ತಪ್ಪಲ್ಲ. ಗಾರ್ಮೆಂಟ್ಸ್ ಅಂದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುತ್ತದೆ, ತಿಂಗಳ ಸಂಬಳ 21,000 ದಾಟದಿದ್ದರೆ. ಮಾತ್ರೆ ಪುಕ್ಕಟೆ. ಉಪ್ಪು ಕಮ್ಮಿ ಮಾಡೋಕೆ ದುಡ್ಡು ಬೇಕಾ? ಬಡತನ ಅಂತ ಎಲ್ಲದಕ್ಕೂ ನೆಪ ಹೇಳಬೇಡಿ.

ನರ್ಸಕ್ಕ: ಮೇಷ್ಟ್ರೇ, ಸ್ವಲ್ಪ ತಡೀರಿ. ತಮ್ಮಾ, ಚಿಕ್ಕಮ್ಮ ಯಾವ ಮಾತ್ರೆ ಬಿಡುತ್ತಾರೆ? ಎಲ್ಲವನ್ನೂ ಬಿಡುತ್ತಾರಾ, ಒಂದನ್ನಾ?

ಪೀಣ್ಯ ಹುಡುಗ: ಒಂದೇ ಅಕ್ಕ, ಬೆಳಗ್ಗೆಯ ನೀರಿನ ಮಾತ್ರೆ, ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುತ್ತಲ್ಲ, ಅದು. ಅದನ್ನು ನುಂಗಿ ಲೈನಿನಲ್ಲಿ ಕೂತರೆ ಮತ್ತೆ ಮತ್ತೆ ಟಾಯ್ಲೆಟ್‌ಗೆ ಏಳಬೇಕು, ಹೊಲಿಯಬೇಕಾದ ಪೀಸ್‌ಗಳ ಲೆಕ್ಕ ಹಿಂದೆ ಬೀಳುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ. ಭಾನುವಾರ ಮಾತ್ರ ತಪ್ಪದೆ ನುಂಗುತ್ತಾರೆ. ಡಾಕ್ಟರ್ ಹತ್ತಿರ ಇದನ್ನು ಹೇಳೋಕೆ ನಾಚಿಕೆ.

ನರ್ಸಕ್ಕ: ಅಂದುಕೊಂಡೆ! ಕಾರ್ಖಾನೆಯಿಂದ ಬರುವ ಎಷ್ಟೋ ಹೆಂಗಸರು ಇದನ್ನೇ ಹೇಳುತ್ತಾರೆ, ಅದೂ ಪಿಸುಮಾತಿನಲ್ಲಿ. ಫ್ಯೂರೋಸಮೈಡ್ ಎಂಬ ನೀರಿನ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಮೂತ್ರ ಶುರುವಾಗುತ್ತದೆ, ಆರೇಳು ಗಂಟೆ ಅದರ ಪ್ರಭಾವ ಇರುತ್ತದೆ. ಶಿಫ್ಟಿಗೆ ತಕ್ಕಂತೆ ಹೊತ್ತು ಬದಲಿಸಬಹುದಾ ಎಂದು ಡಾಕ್ಟರನ್ನೇ ಕೇಳಿ, ನೀವೇ ಬದಲಿಸಬೇಡಿ. ವಾರಕ್ಕೆ ಆರು ದಿನ ಬಿಡುವುದಕ್ಕಿಂತ ಎಷ್ಟೋ ವಾಸಿ. ಇನ್ನೊಂದು, ತೂಕ. ಬೆಳಗ್ಗೆ ಎದ್ದು ಮೂತ್ರ ಮಾಡಿ, ತಿಂಡಿಗೆ ಮುಂಚೆ ನೋಡಬೇಕು. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಉಬ್ಬಸ ಬರುವ ತನಕ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ತೂಕದ ಮಷಿನ್ ಇಲ್ಲದಿದ್ದರೆ ವಠಾರದವರು ಸೇರಿ ಒಂದು ತಂದುಕೊಂಡರೂ ಸಾಕು.

ಮೆಡಿಕಲ್ ಶಾಪಿನವ: ಒಂದು ವಿಷಯ ಯಾರೂ ಹೇಳಲಿಲ್ಲ. ದಿನವಿಡೀ ಬಗ್ಗಿ ಹೊಲಿದವರು ಸಂಜೆ ನಮ್ಮಲ್ಲಿ ಬಂದು "ಸೊಂಟನೋವಿಗೆ ಒಂದು ಕೊಡಣ್ಣ" ಅನ್ನುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ. ಹಾರ್ಟ್ ಫೇಲ್ಯೂರ್ ಇದೆ ಅಂತ ಅಂಗಡಿಯಲ್ಲಿ ಮೊದಲು ಹೇಳಿ.

ಲೆಕ್ಕದ ಮೇಷ್ಟ್ರು: ಸರಿ, ಮಾತ್ರೆ ವಿಷಯ ಒಪ್ಪಿದೆ. ಉಪ್ಪು?

ಮಂಡ್ಯದ ಸೊಸೆ: ಸರ್, ನೀವು ಅಡುಗೆ ಮಾಡುತ್ತೀರಾ? ಆರು ಜನಕ್ಕೆ ಒಂದೇ ಪಾತ್ರೆ ಸಾರು. ತರಕಾರಿ ತರೋಕೆ ಆಗದ ದಿನ ಉಪ್ಪಿನಕಾಯೇ ನೆಂಚಿಕೆ. ನಾನು ನಮ್ಮ ಮಾವನಿಗೆ ಸಾರು ಉಪ್ಪಿಲ್ಲದೆ ಕುದಿಸಿ ಅವರ ಪಾಲು ಎತ್ತಿಟ್ಟು, ಹುಣಸೆ, ಮೆಣಸು ಜಾಸ್ತಿ ಹಾಕಿ ಕೊಡುತ್ತೇನೆ. ಮುದ್ದೆಗೂ ಉಪ್ಪಿಲ್ಲ. ಮೊದಮೊದಲು ತಟ್ಟೆ ತಳ್ಳಿದರು, ಈಗ ಊಟ ಮಾಡುತ್ತಾರೆ. ಆದರೆ ಹಪ್ಪಳ ಕದ್ದು ತಿನ್ನೋದು ನಿಂತಿಲ್ಲ! ಅಂಗಡಿಯಲ್ಲಿ ಸಿಗುವ ಕಮ್ಮಿ ಸೋಡಿಯಂ ಉಪ್ಪು ತರಲಾ ಅಂತ ಯೋಚನೆ.

ನರ್ಸಕ್ಕ: ಬೇಡಮ್ಮ, ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹಾರ್ಟ್ ಫೇಲ್ಯೂರ್‌ಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಅದು ಏರಿ ಹಾರ್ಟಿನ ಬಡಿತವೇ ಕೆಡಬಹುದು.

ಪೀಣ್ಯ ಹುಡುಗ: ಇಎಸ್‌ಐ ಕಾರ್ಡ್ ಇದೆ ಮೇಷ್ಟ್ರೇ. ಆದರೆ ಮಾತ್ರೆ ತರೋಕೆ ಕೆಲಸದ ದಿನವೇ ಹೋಗಬೇಕು, ಅವತ್ತಿನ ಸಂಬಳ ಖೋತಾ.

ಲೆಕ್ಕದ ಮೇಷ್ಟ್ರು: ಅಡ್ಮಿಟ್ ಆಗಿದ್ದ ದಿನಗಳದ್ದು ಕೇಳಿದಿರಾ? ಇಎಸ್‌ಐ ವಂತಿಗೆ ಸರಿಯಾಗಿ ಕಟ್ಟಿದ್ದರೆ ಕಾಯಿಲೆ ರಜೆಗೆ ಸಂಬಳದ ಶೇ. 70 ಕೊಡುತ್ತಾರೆ, ವರ್ಷಕ್ಕೆ 91 ದಿನದವರೆಗೆ. ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು.

ಪೀಣ್ಯ ಹುಡುಗ: ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾಳೆಯೇ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗುತ್ತೇನೆ.

ಲೆಕ್ಕದ ಮೇಷ್ಟ್ರು: ಹೋಗಿ. ಉಪ್ಪಿನ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಸರಿ.