ಹೊಸ ಕಿವಿ ಮಿಷನ್ನು ಅಂಗಡೀಲಿ ಮಾತ್ರ ಕೈ ಕೊಡ್ತದೆ, ಗೊತ್ತಿರೋರು ಹೇಳ್ರಪ್ಪ

ಗೊಬ್ಬರದಂಗಡಿ_ಮಂಡ್ಯ
ಸೋಮವಾರ, ರಾತ್ರಿ 9:40

ಎಲ್ರಿಗೂ ನಮಸ್ಕಾರ. ಎರಡೂ ಕಿವಿಗೆ ಮಿಷನ್ ಹಾಕಿಸ್ಕಂಡು ಇವತ್ತಿಗೆ ಹತ್ತೊಂಬತ್ತು ದಿನ. ಕಿವಿ ಹಿಂದೆ ಕುಂತ್ಕಳೋದು, ಸಣ್ಣ ತಂತಿ ಒಳಕ್ಕೆ ಹೋಯ್ತದೆ. ಚಾರ್ಜಿಂಗಿಂದು, ಫೋನಿಗೂ ಕನೆಕ್ಟ್ ಆಯ್ತದೆ. ಒಂದು ಜೊತೆ ಎತ್ತಿನ ದುಡ್ಡು ಕೊಟ್ಟಿವ್ನಿ.

ಅಂಗಡೀಲಿ ಕುಂತಿದ್ದಾಗ ಇದ್ದಕ್ಕಿದ್ದಂಗೆ ಕೇಳೋದು ನಿಂತೋಯ್ತದೆ. ಕಿವಿಗೆ ಹತ್ತಿ ತುರುಕಿದಂಗೆ. ನಾಕೈದು ಸೆಕೆಂಡು, ಒಂದೊಂದ್ಸಲ ಹತ್ತು. ಆಮೇಲೆ ತಾನೇ ಬತ್ತದೆ. ದಿನಕ್ಕೆ ಮೂವತ್ತು ನಲವತ್ತು ಸಲ. ಮನೇಲಿ ಹಂಗಾಗಕಿಲ್ಲ.

ಇವತ್ತು ಕೀಲಾರದ ಕಡೆ ರೈತರೊಬ್ರು ಬಂದಿದ್ರು. ಭತ್ತದ ಗರಿ ರೋಗ ಹೇಳ್ತಿದ್ರು. ಪಕ್ಕದಲ್ಲಿ ಇನ್ನಿಬ್ರು ನಿಂತಿದ್ರು. "ಗರಿ ತುದಿ" ಅಂದಿದ್ದು ಕೇಳ್ತು, ಆಮೇಲೆ ಅವರ ಬಾಯಿ ಆಡ್ತದೆ, ಮಾತೇ ಇಲ್ಲ. ಮತ್ತೆ ಕೇಳೋವಷ್ಟೊತ್ತಿಗೆ "ಹಂಗೇ ಆಗದೆ ಕಣಣ್ಣ" ಅಂತ ಮುಗಿಸಿದ್ರು. ಇನ್ನೊಂದ್ಸಲ ಹೇಳಿ ಅನ್ನಕ್ಕೆ ನಾಚ್ಕೆ ಆಯ್ತು, ಬೆಂಕಿ ರೋಗದ ಪುಡಿ ಕೊಟ್ಟು ಕಳಿಸ್ದೆ. ಈಗ ಮನೇಲಿ ಕುಂತ್ಕಂಡು ಅದೇ ಯೋಚ್ನೆ, ನಾನು ಕೊಟ್ಟಿದ್ದು ಸರಿಯಾ ಅಂತ. ದಯವಿಟ್ಟು ಯಾರಾದ್ರೂ ದಾರಿ ತೋರ್ಸಿ.

ಹಳೇರೇಡಿಯೊ_ಸರಸ್ವತಿಪುರಂ
ಸೋಮವಾರ, ರಾತ್ರಿ 10:05

ಗೊಬ್ಬರದ ಅಂಗಡಿ ಅಂದಿರಲ್ಲ, ಅಲ್ಲೇ ಇದೆ ಉತ್ತರ. ಯೂರಿಯಾ ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ. ಬಿಚ್ಚಿದ ಚೀಲ ಎರಡು ದಿನ ಬಿಟ್ಟರೆ ಗಟ್ಟಿ ಕಟ್ಟೋದು ನೀವೇ ನೋಡಿರ್ತೀರಿ. ಆ ಧೂಳು ಮಿಷನ್ನಿನ ಮೈಕ್ ತೂತಿನ ಮೇಲೆ ಕೂತರೆ ತೇವವೂ ಅಲ್ಲೇ ಕೂರುತ್ತೆ. ಮನೇಲಿ ಧೂಳಿಲ್ಲ, ತೊಂದರೆಯೂ ಇಲ್ಲ. ಮೃದು ಬ್ರಷ್‌ನಲ್ಲಿ ಮೈಕ್ ಒರೆಸಿ, ರಾತ್ರಿ ಸಿಲಿಕಾ ಜೆಲ್ ಡಬ್ಬದಲ್ಲಿಡಿ. ಜೊತೆಗೆ ಕಿವಿ ಒಳಗಿರೋ ತುದಿಯಲ್ಲಿ ಗುಗ್ಗೆ ತಡೆಯೋ ಬಿಳಿ ಜರಡಿ ಇರುತ್ತೆ, ಅದನ್ನೂ ಬದಲಾಯಿಸಿ.

ನಿವೃತ್ತಟೀಚರ್_ಜಯನಗರ
ಸೋಮವಾರ, ರಾತ್ರಿ 10:20

ಎರಡೂ ಕಿವಿ ಒಟ್ಟಿಗೆ ಹೋಗುತ್ತಾ, ಒಂದೊಂದಾಗಿಯಾ? ಇದೊಂದು ಹೇಳಿ ಸಾಕು.

ಕೆಆರ್‌ಎಸ್‌ರಸ್ತೆ_ಹುಡುಗ
ಸೋಮವಾರ, ರಾತ್ರಿ 11:15

ಯಾವ ಫೋನ್ ಅಂತಾನೇ ಹೇಳಿಲ್ಲವಲ್ಲ ಸರ್. ಆಂಡ್ರಾಯ್ಡ್ ಆದರೆ ತೊಂದರೆ ಅಲ್ಲೇ ಇರುತ್ತೆ. ಐಫೋನಿಗೆ ನೇರವಾಗಿ ಸೇರೋ ಮಿಷನ್‌ಗಳು 2014ರಲ್ಲೇ ಬಂದವು. ಆಂಡ್ರಾಯ್ಡ್‌ನಲ್ಲಿ ಅದಕ್ಕಂತಲೇ ವ್ಯವಸ್ಥೆ ಬಂದಿದ್ದು 2019ರಲ್ಲಿ, 10ನೇ ಆವೃತ್ತಿಗೆ. ಫೋನ್ ಎಲ್ಲಿಟ್ಕೋತೀರಿ? ಪ್ಯಾಂಟಿನ ಹಿಂದಿನ ಜೇಬಲ್ಲಿಟ್ಟರೆ ಮೈ ಅಡ್ಡ ಬಂದು ಬ್ಲೂಟೂತ್ ತುಂಡಾಗುತ್ತೆ.

ಗೊಬ್ಬರದಂಗಡಿ_ಮಂಡ್ಯ
ಮಂಗಳವಾರ, ಬೆಳಿಗ್ಗೆ 7:10

ರೇಡಿಯೊ ಸಾರ್, ನಾನು ಬಿಡಿ ಮಾರಕಿಲ್ಲ. ಯೂರಿಯಾ 45 ಕೆಜಿ ಚೀಲ ಬಂದಂಗೇ ಹೋಯ್ತದೆ, ಬಿಚ್ಚೋದೇ ಇಲ್ಲ. ಆದ್ರೂ ನೀವು ಹೇಳಿದ್ರಿ ಅಂತ ರಾತ್ರೀನೇ ಬ್ರಷ್ ಹಾಕ್ದೆ, ಎರಡೂ ಜರಡಿ ಬದಲಾಯ್ಸಿದೆ. ಫೋನು ಆಂಡ್ರಾಯ್ಡು, ಹೋದ ವರ್ಷ ತಕ್ಕಂಡಿದ್ದು. ಗಲ್ಲಾ ಮೇಲೆ ಕಣ್ಣೆದುರಿಗೇ ಇರ್ತದೆ.

ಗೊಬ್ಬರದಂಗಡಿ_ಮಂಡ್ಯ
ಮಂಗಳವಾರ, ಮಧ್ಯಾಹ್ನ 1:30

ಬೆಳಿಗ್ಗೆಯಿಂದ ಹದಿನೇಳು ಸಲ. ಬಿಲ್ ಪುಸ್ತಕದ ಹಿಂದೆ ಗೀಟು ಹಾಕ್ತಾ ಕುಂತಿವ್ನಿ.

ಹಳೇರೇಡಿಯೊ_ಸರಸ್ವತಿಪುರಂ
ಮಂಗಳವಾರ, ಮಧ್ಯಾಹ್ನ 2:00

ಒಂದು ರಾತ್ರಿಗೆ ತೇವ ಹೋಗಲ್ಲ. ಮೂರು ರಾತ್ರಿ ಬೇಕು. ಚೀಲ ಬಿಚ್ಚದೇ ಇದ್ದರೂ ಹೊಲಿಗೆ ಸಂದಿಯಿಂದ ಧೂಳು ಬಂದೇ ಬರುತ್ತೆ, ಮೂಟೆ ಇಳಿಸುವಾಗ ನೋಡಿ. ಸಿಲಿಕಾ ಕಾಳು ನೀಲಿ ಇರೋದನ್ನೇ ತಗೊಳ್ಳಿ, ತೇವ ಕುಡಿದ ಮೇಲೆ ಗುಲಾಬಿ ಆಗುತ್ತೆ, ಗೊತ್ತಾಗುತ್ತೆ. ನಮ್ಮನೇಲಿ ಹನ್ನೆರಡು ಹಳೇ ವಾಲ್ವ್ ರೇಡಿಯೊ ಇವೆ, ಎಲ್ಲವನ್ನೂ ಇದರಲ್ಲೇ ಕಾಪಾಡಿಕೊಂಡು ಬಂದಿದ್ದೀನಿ. ಒಂದು ಇವತ್ತಿಗೂ ಮೈಸೂರು ಆಕಾಶವಾಣಿ ಹಿಡಿಯುತ್ತೆ. ಅದು 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ನಿಲಯ. ಆಕಾಶವಾಣಿ ಅನ್ನೋ ಆ ಹೆಸರನ್ನೇ ಆಮೇಲೆ ಇಡೀ ದೇಶದ ರೇಡಿಯೊ ತಗೊಂಡಿತು.

ಕೆಆರ್‌ಎಸ್‌ರಸ್ತೆ_ಹುಡುಗ
ಮಂಗಳವಾರ, ಮಧ್ಯಾಹ್ನ 2:25

ಸರ್, ರೇಡಿಯೊ ವಿಷಯ ಆಮೇಲೆ. ಗೊಬ್ಬರದಣ್ಣ, ಅಂಗಡೀಲಿ ದುಡ್ಡು ಬಂತು ಅಂತ ಹೇಳೋ ಪೆಟ್ಟಿಗೆ ಇದೆಯಾ? ಅದರ ಬ್ಲೂಟೂತ್ ನಿಮ್ಮ ಮಿಷನ್‌ಗೆ ಅಡ್ಡ ಬರ್ತಿರಬಹುದು.

ಹಳೇರೇಡಿಯೊ_ಸರಸ್ವತಿಪುರಂ
ಮಂಗಳವಾರ, ಮಧ್ಯಾಹ್ನ 2:40

ಸಾಮಾನ್ಯವಾಗಿ ಆ ಪೆಟ್ಟಿಗೆಯೊಳಗೆ ಸಿಮ್ ಇರುತ್ತೆ, ಬ್ಲೂಟೂತಲ್ಲಿ ನಡೆಯಲ್ಲ. ಬಿಚ್ಚಿ ನೋಡಿದ್ದೀನಿ. ಅಡ್ಡ ಬರೋದಾದರೆ ಕರೆಂಟಿನ ಗುಂಯ್ ಬರಬೇಕು.

ನಿವೃತ್ತಟೀಚರ್_ಜಯನಗರ
ಮಂಗಳವಾರ, ಸಂಜೆ 5:10

ಕರೆಂಟಿನ ಗುಂಯ್ ಬರೋದು ಮಿಷನ್ನನ್ನು 'ಟಿ' ಅಂದರೆ ಟೆಲಿಕಾಯಿಲ್‌ಗೆ ಇಟ್ಟಾಗ, ಅದರೊಳಗಿನ ಸುರುಳಿ ಕಾಂತಕ್ಷೇತ್ರ ಹಿಡಿಯೋದರಿಂದ. ಇವರಿಗೆ ಆಗ್ತಿರೋದು ಅದಲ್ಲ. ಬ್ಲೂಟೂತ್ ತುಂಡಾಗುತ್ತೆ ಅಂದ ಹುಡುಗನಿಗೂ ಒಂದು ಮಾತು. ತುಂಡಾದರೆ ಫೋನಿಂದ ಬರೋ ಮಾತು ನಿಲ್ಲುತ್ತೆ ಅಷ್ಟೆ, ಎದುರಿಗೆ ನಿಂತವರ ಮಾತು ನಿಲ್ಲಲ್ಲ. ಅದನ್ನು ಹಿಡಿಯೋದು ಮಿಷನ್ನಿನದೇ ಮೈಕು.

ನಾನು ಮಿಷನ್ ಹಾಕಿಕೊಂಡು ಒಂಬತ್ತು ವರ್ಷ. ಪಾಠ ಮಾಡುತ್ತಿದ್ದಾಗಲೇ ಶುರುವಾಯಿತು, ಹಿಂದಿನ ಬೆಂಚಿನ ಮಕ್ಕಳ ಮಾತು ಸಿಕ್ಕುತ್ತಿರಲಿಲ್ಲ. ನಿನ್ನೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಕೇಳ್ತೀನಿ: ಎರಡೂ ಕಿವಿ ಒಟ್ಟಿಗೆ ಹೋಗುತ್ತಾ?

ಪಾಂಡವಪುರ_ಆಲೆಮನೆ
ಮಂಗಳವಾರ, ಸಂಜೆ 6:00

ಮಧ್ಯ ಬಂದೆ, ಕ್ಷಮಿಸಿ. ನಮ್ಮಪ್ಪಾಜಿಗೂ ಫೋನ್ ಮಿಷನ್. ಅವರು ಮಾತಾಡಿದ್ದು ಆ ಕಡೆಯವರಿಗೆ ಬಾವಿಯಿಂದ ಬಂದಂಗೆ ಕೇಳ್ತದಂತೆ. ಏನ್ ಮಾಡದು?

ಗೊಬ್ಬರದಂಗಡಿ_ಮಂಡ್ಯ
ಮಂಗಳವಾರ, ರಾತ್ರಿ 8:50

ಟೀಚರಮ್ಮ, ತಪ್ಪಾಯ್ತು, ನೋಡಿರ್ನಿಲ್ಲ. ಎರಡೂ ಒಟ್ಟಿಗೇ ಹೋಯ್ತವೆ. ಒಟ್ಟಿಗೇ ಬತ್ತವೆ. ಒಂದು ದಿನಾನೂ ಒಂದೇ ಹೋಗಿಲ್ಲ.

ನಿವೃತ್ತಟೀಚರ್_ಜಯನಗರ
ಮಂಗಳವಾರ, ರಾತ್ರಿ 9:05

ಹಾಗಾದರೆ ಗುಗ್ಗೆಯೂ ಅಲ್ಲ, ಧೂಳೂ ಅಲ್ಲ, ಬ್ಯಾಟರಿಯೂ ಅಲ್ಲ. ಎರಡು ಮಿಷನ್ ಬೇರೆ ಬೇರೆ, ಒಂದೇ ಕ್ಷಣಕ್ಕೆ ಕಟ್ಟಿಕೊಂಡು ಒಂದೇ ಕ್ಷಣಕ್ಕೆ ಬಿಟ್ಟುಕೊಳ್ಳೋದು ಆಗದ ಮಾತು. ಎರಡಕ್ಕೂ ಒಟ್ಟಿಗೆ ಅಪ್ಪಣೆ ಕೊಡೋದು ನಿಮ್ಮ ಫೋನು.

ಫೋನು ಏನಾದರೂ ಶಬ್ದ ಕಳಿಸಿದರೆ ಮಿಷನ್ ಅದನ್ನು ಕೇಳಿಸೋಕೆ ಹೊರಗಿನ ಮೈಕ್ ತಗ್ಗಿಸುತ್ತೆ. ಕರೆ ಬಂದಾಗ ಇದು ಅನುಕೂಲವೇ. ನಾಳೆ ಬೆಳಿಗ್ಗೆ ಫೋನಿನ ಬ್ಲೂಟೂತ್ ಆರಿಸಿ ಎರಡು ಗಂಟೆ ವ್ಯಾಪಾರ ಮಾಡಿ ನೋಡಿ.

ಗೊಬ್ಬರದಂಗಡಿ_ಮಂಡ್ಯ
ಮಂಗಳವಾರ, ರಾತ್ರಿ 9:20

ಬ್ಲೂಟೂತ್ ಆರ್ಸಿದ್ರೆ ಮಿಷನ್ನೇ ನಿಂತೋಗಕಿಲ್ವಾ? ಅದ್ಕೇ ಹತ್ತೊಂಬತ್ತು ದಿನದಿಂದ ಮುಟ್ಟಿಲ್ಲ. ನಮ್ಮ ಹುಡುಗ ಹಾಕ್ಕೊಟ್ಟಿದ್ದು ಹಂಗೇ ಅದೆ.

ನಿವೃತ್ತಟೀಚರ್_ಜಯನಗರ
ಮಂಗಳವಾರ, ರಾತ್ರಿ 9:30

ನಿಲ್ಲಲ್ಲ. ಶಬ್ದ ಹಿಡಿಯೋದು, ದೊಡ್ಡದು ಮಾಡೋದು, ಕಿವಿಗೆ ಕೊಡೋದು ಎಲ್ಲ ಮಿಷನ್ನಿನೊಳಗೇ ಇದೆ. ಫೋನು ಮನೇಲೇ ಬಿಟ್ಟು ಹೋದರೂ ನಿಮಗೆ ಕೇಳುತ್ತೆ. ಭಯ ಬೇಡ.

ಹಳೇರೇಡಿಯೊ_ಸರಸ್ವತಿಪುರಂ
ಮಂಗಳವಾರ, ರಾತ್ರಿ 9:50

ಎರಡೂ ಒಂದೇ ಅಂಗಡಿಯ ಧೂಳಲ್ಲೇ ಇರೋದು ಅನ್ನೋದನ್ನು ಮರೀಬಾರದು. ಮೂರು ರಾತ್ರಿ ಡಬ್ಬದಲ್ಲಿಟ್ಟು ನೋಡಲಿ, ಆಮೇಲೆ ಮಾತಾಡೋಣ.

ಗೊಬ್ಬರದಂಗಡಿ_ಮಂಡ್ಯ
ಬುಧವಾರ, ಮಧ್ಯಾಹ್ನ 1:45

ಹತ್ತರಿಂದ ಒಂದು ಗಂಟೆವರ್ಗೂ ಬ್ಲೂಟೂತ್ ಆರಿಸಿದ್ದೆ. ಒಂದೇ ಒಂದ್ಸಲಾನೂ ಹೋಗ್ಲಿಲ್ಲ. ಮೂರು ಗಂಟೆ ಹೊತ್ತು ಯಾರ ಮಾತೂ ತಪ್ಪಿಲ್ಲ. ಒಂದು ಗಂಟೆಗೆ ಹಾಕ್ದೆ, ಒಂದೂ ಇಪ್ಪತ್ತರೊಳಗೆ ಎರಡ್ಸಲ ಹೋಯ್ತು.

ಆದ್ರೆ ಟೀಚರಮ್ಮ, ಫೋನಿಂದ ಏನೂ ಶಬ್ದ ಬಂದಿದ್ದು ಕೇಳ್ಲಿಲ್ಲ. ವಾಟ್ಸಾಪ್ ಗುಂಪೆಲ್ಲ ಬಾಯಿ ಮುಚ್ಚಿಸಿವ್ನಿ.

ಕೆಆರ್‌ಎಸ್‌ರಸ್ತೆ_ಹುಡುಗ
ಬುಧವಾರ, ಮಧ್ಯಾಹ್ನ 2:00

ಅಂಗಡೀಲಿ ಮಾತ್ರ ಫೋನಲ್ಲಿ ನಡೆಯೋದು ಏನೇನಿದೆ? ಎಲ್ಲಾ ಹೇಳಿ ಸರ್.

ಗೊಬ್ಬರದಂಗಡಿ_ಮಂಡ್ಯ
ಬುಧವಾರ, ಮಧ್ಯಾಹ್ನ 2:10

ಏನೂ ಇಲ್ಲ. ದುಡ್ಡು ಬರೋ ಆ್ಯಪ್ ಒಂದದೆ. ಅದೂ ಮಾತಾಡ್ತಿತ್ತು, "ಇನ್ನೂರು ರೂಪಾಯಿ ಬಂದಿದೆ" ಅಂತ. ಪೆಟ್ಟಿಗೆ ಬಂದ್ಮೇಲೆ ಎರಡೂ ಒಟ್ಟಿಗೆ ಕೂಗ್ತಿದ್ವು ಅಂತ ಫೋನಿಂದು ಬಟನ್ ಒತ್ತಿ ಪೂರ್ತಿ ಕಮ್ಮಿ ಮಾಡಿವ್ನಿ.

ಕೆಆರ್‌ಎಸ್‌ರಸ್ತೆ_ಹುಡುಗ
ಬುಧವಾರ, ಮಧ್ಯಾಹ್ನ 2:14

ಸಿಕ್ತು ಸರ್! ನೀವು ವಾಲ್ಯೂಮ್ ಸೊನ್ನೆ ಮಾಡಿದ್ದೀರಿ, ಆ್ಯಪ್‌ನ ಮಾತು ನಿಲ್ಲಿಸಿಲ್ಲ. ಅದು ಈಗಲೂ ಪ್ರತಿ ಸಲ ಮಾತಾಡ್ತಾನೇ ಇದೆ, ಸೊನ್ನೆ ಸದ್ದಲ್ಲಿ. ಫೋನು ಆ ಸದ್ದಿಲ್ಲದ ಮಾತನ್ನೇ ಮಿಷನ್‌ಗೆ ಕಳಿಸುತ್ತೆ. ಮಿಷನ್ 'ಏನೋ ಬಂತು' ಅಂತ ಮೈಕ್ ತಗ್ಗಿಸುತ್ತೆ. ನಿಮಗೆ ಕೇಳೋದು ಬರೀ ಹತ್ತಿ.

ಹೀಗೆ ಮಾಡಿ. ಆ ಆ್ಯಪ್ ತೆರೆದು ಸೆಟ್ಟಿಂಗಲ್ಲಿ ದನಿಯಲ್ಲಿ ಹೇಳೋದನ್ನೇ ಆರಿಸಿ. ಕೀ ಒತ್ತಿದಾಗ ಬರೋ ಟಿಕ್ ಟಿಕ್ ಸದ್ದೂ ಆರಿಸಿ, ಅದೂ ಇದೇ ಕೆಲಸ ಮಾಡುತ್ತೆ. ಕೆಲವು ಫೋನಲ್ಲಿ ಆ್ಯಕ್ಸೆಸಿಬಿಲಿಟಿಯೊಳಗೆ ಶ್ರವಣ ಸಾಧನ ಅಂತ ಇರುತ್ತೆ, ಅಲ್ಲಿ ಕರೆ ಮಾತ್ರ ಮಿಷನ್‌ಗೆ, ಮಿಕ್ಕಿದ್ದು ಫೋನಿನ ಸ್ಪೀಕರ್‌ಗೆ ಅಂತ ಬೇರೆ ಮಾಡಬಹುದು. ಐಫೋನ್ ತಗೊಳ್ಳೋದು ಬೇಡ, ತೊಂದರೆ ಆಂಡ್ರಾಯ್ಡ್‌ದೇ ಅಂತ ನಾನು ಅವತ್ತು ದುಡುಕಿ ಹೇಳಿದ್ದು.

ನಿವೃತ್ತಟೀಚರ್_ಜಯನಗರ
ಬುಧವಾರ, ಮಧ್ಯಾಹ್ನ 3:30

ಚೆನ್ನಾಗಿ ಹಿಡಿದೆಯಪ್ಪ. ಮಿಷನ್ ಜೊತೆ ಬಂದ ಆ್ಯಪ್‌ನಲ್ಲೂ ಒಮ್ಮೆ ನೋಡಿ. ಫೋನಿನ ಶಬ್ದ ಬರುವಾಗ ಸುತ್ತಲಿನ ಶಬ್ದ ಎಷ್ಟಿರಬೇಕು ಅಂತ ಕೆಲವದರಲ್ಲಿ ಇರುತ್ತೆ. ಇಲ್ಲದಿದ್ದರೆ ಹಾಕಿಕೊಟ್ಟ ಆಡಿಯಾಲಜಿಸ್ಟ್ ಕಂಪ್ಯೂಟರ್‌ನಲ್ಲಿ ಸರಿ ಮಾಡಿಕೊಡ್ತಾರೆ.

ಪಾಂಡವಪುರದವರಿಗೆ: ಎಷ್ಟೋ ಮಿಷನ್‌ನಲ್ಲಿ ಕೇಳೋದು ಮಾತ್ರ ಕಿವಿಗೆ, ಆಡೋ ಮಾತು ಹಿಡಿಯೋದು ಫೋನಿನ ಮೈಕೇ. ಅಪ್ಪಾಜಿ ಫೋನನ್ನು ಮೇಜಿನ ಮೇಲೆ ಬಿಟ್ಟು ಮಾತಾಡ್ತಿದ್ದರೆ ಬಾಯಿ ಹತ್ತಿರ ಹಿಡಿದುಕೊಳ್ಳಲಿ.

ಗೊಬ್ಬರದಂಗಡಿ_ಮಂಡ್ಯ
ಗುರುವಾರ, ಸಂಜೆ 7:30

ಇವತ್ತು ಪೂರ್ತಿ ದಿನ ಬ್ಲೂಟೂತ್ ಹಾಕ್ಕಂಡೇ ಇದ್ದೆ. ಆ್ಯಪಿನ ದನಿ ಆರ್ಸಿವ್ನಿ. ಒಂದು ಗೀಟೂ ಬೀಳ್ಲಿಲ್ಲ. ತಮ್ಮ, ನಿಂಗೂ ಟೀಚರಮ್ಮನಿಗೂ ನನ್ನ ಕೈ ಮುಗಿದಿವ್ನಿ. ರೇಡಿಯೊ ಸಾರ್, ಡಬ್ಬ ಇಟ್ಕಂಡಿವ್ನಿ, ಮಳೆಗಾಲಕ್ಕೆ ಬೇಕೇ ಬೇಕು.

ಇನ್ನೊಂದದೆ. ನನ್ನ ದನಿ ನನಗೇ ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದಂಗೆ ಕೇಳ್ತದೆ. ಊಟ ಮಾಡುವಾಗ ಹಪ್ಪಳ ಕಡಿದ್ರೆ ತಲೆಯೊಳಗೇ ಮುರಿದಂಗೆ. ಮನೇಲಿ ಪಾತ್ರೆ ಸದ್ದು ಹೆದರಿಸ್ತದೆ, ಅದ್ಕೇ ಮನೆಗೆ ಬಂದ ತಕ್ಷಣ ತೆಗೆದಿಡ್ತಿವ್ನಿ.

ನಿವೃತ್ತಟೀಚರ್_ಜಯನಗರ
ಗುರುವಾರ, ರಾತ್ರಿ 8:15

ಓ, ಮನೇಲಿ ಆಗಲ್ಲ ಅಂದಿದ್ದು ಅದಕ್ಕಾ! ಮನೇಲಿ ಹಾಕ್ಕೊಳ್ಳೋದೇ ಇಲ್ಲ. ಇದನ್ನು ಮೊದಲ ದಿನವೇ ಹೇಳಿದ್ದರೆ ಎಷ್ಟು ಸುಲಭವಾಗ್ತಿತ್ತು.

ತೆಗೆದಿಡಬೇಡಿ. ನಿಮ್ಮ ಮನಸ್ಸು ಎಷ್ಟೋ ವರ್ಷದಿಂದ ಆ ಸದ್ದುಗಳಿಲ್ಲದೆ ಬದುಕಿದೆ, ಈಗ ಅವೆಲ್ಲ ಒಟ್ಟಿಗೆ ಬಂದಿವೆ. ವಾರಗಳು ಹಿಡಿಯುತ್ತೆ, ಕೆಲವರಿಗೆ ತಿಂಗಳುಗಳು. ನನಗೆ ಮೊದಲ ತಿಂಗಳು ಒಗ್ಗರಣೆಗೆ ಸಾಸಿವೆ ಹಾಕೋಕೆ ಹೆದರಿಕೆಯಾಗ್ತಿತ್ತು. ಬಾಣಲೆ ಪಕ್ಕ ನಿಂತರೆ ಯಾರೋ ಮುಖಕ್ಕೆ ಮರಳು ಎರಚಿದ ಹಾಗೆ. ಈಗ ಆ ಸದ್ದು ಕೇಳಿಯೇ ಒಲೆ ಸಣ್ಣ ಮಾಡ್ತೀನಿ.

ಬಿಂದಿಗೆ ದನಿ ಬೇರೆ. ಕಿವಿಯೊಳಗೆ ಕೂರೋ ರಬ್ಬರ್ ಟೋಪಿ ಪೂರ್ತಿ ಮುಚ್ಚಿದ್ದರೆ ನಿಮ್ಮ ಗಂಟಲಿನ ದಪ್ಪ ದನಿ ಮೂಳೆ ಮೂಲಕ ಬಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಕಿವಿ ಎಷ್ಟು ಕೇಳುತ್ತೆ ಅನ್ನೋದರ ಮೇಲೆ ತೂತಿರೋ ಟೋಪಿ ಹಾಕಬಹುದಾ ಅಂತ ಆಡಿಯಾಲಜಿಸ್ಟೇ ಹೇಳಬೇಕು. ಸುಮ್ಮನೆ ನೀವೇ ಬದಲಾಯಿಸಿದರೆ ಕುಂಯ್ ಅಂತ ಸಿಳ್ಳೆ ಹೊಡೆಯುತ್ತೆ. ತಗೊಂಡ ಕಡೆ ಸಮಾಧಾನ ಆಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, 1965ರಿಂದ ಇದೇ ಕೆಲಸ ಮಾಡ್ತಿದೆ. ಮಂಡ್ಯದಿಂದ ಒಂದು ಬೆಳಿಗ್ಗೆಯ ಪ್ರಯಾಣ. ಏನೇನು ಕಷ್ಟ ಅಂತ ಗೀಟು ಹಾಕಿದ ಹಾಗೇ ಬರೆದುಕೊಂಡು ಹೋಗಿ.

ಹಳೇರೇಡಿಯೊ_ಸರಸ್ವತಿಪುರಂ
ಗುರುವಾರ, ರಾತ್ರಿ 9:00

ಸರಿ, ಧೂಳಿನ ಮಾತು ಹಿಂದೆ ತಗೊಂಡೆ. ಅವತ್ತು ಆ ರೈತರಿಗೆ ಔಷಧಿ ಕೊಟ್ಟಿರಲ್ಲ, ಅದು ಏನಾಯಿತು?

ಗೊಬ್ಬರದಂಗಡಿ_ಮಂಡ್ಯ
ಶುಕ್ರವಾರ, ಬೆಳಿಗ್ಗೆ 11:20

ಕೇಳಿದ್ರಲ್ಲ ಸಾರ್, ಸಂತೋಷ. ಬಿಲ್ಲಲ್ಲಿ ನಂಬರ್ ಇತ್ತು, ನೆನ್ನೆ ರಾತ್ರಿ ಫೋನ್ ಮಾಡ್ದೆ. ಮಿಷನ್ನಲ್ಲೇ ಮಾತಾಡ್ದೆ, ಅವರ ದನಿ ಎರಡೂ ಕಿವಿಯೊಳಗೆ ಪಕ್ಕದಲ್ಲಿ ಕುಂತಂಗೆ ಕೇಳ್ತು. ಮಳೆ ಹಿಡ್ಕಂಡಿದ್ದಕ್ಕೆ ಪುಡಿ ಇನ್ನೂ ಹೊಡೆದಿರ್ನಿಲ್ಲ. ನಾಳೆ ನಾಲ್ಕು ಗರಿ ಕಿತ್ಕಂಡು ಬನ್ನಿ ಅಂದೆ.

ಈಗ ಬಂದು ಹೋದ್ರು. ಗರಿ ತುದಿಯಿಂದ ಅಂಚಿನುದ್ದಕ್ಕೂ ಒಣಗಿ ಕೆಳಗಿಳಿದದೆ, ಬೆಂಕಿ ರೋಗದ, ನೂಲೋ ಕದಿರಿನಂಥ ಚುಕ್ಕೆ ಒಂದೂ ಇಲ್ಲ. ಅವತ್ತು ಅವರು ಹೇಳಿದ್ದು "ಗರಿ ತುದಿಯಿಂದ ಅಂಚು ಹಿಡ್ಕಂಡು ಒಣಗ್ತಾ ಬತ್ತದೆ" ಅಂತ. ನಂಗೆ ಸಿಕ್ಕಿದ್ದು ತುದಿ ಅಷ್ಟೆ. ಪಕ್ಕದಲ್ಲಿದ್ದೋರು ಅದೇ ಹೊತ್ತಿಗೆ ದುಡ್ಡು ಹಾಕಿದ್ರು. ಇದು ದುಂಡಾಣು ಅಂಗಮಾರಿ, ಅಂದ್ರೆ ಬ್ಯಾಕ್ಟೀರಿಯಾದಿಂದ ಬರೋದು, ಬೆಂಕಿ ರೋಗದ ಪುಡಿ ಇದಕ್ಕೆ ತಟ್ಟಕಿಲ್ಲ. ಪುಡಿ ವಾಪಸ್ ಇಸ್ಕಂಡು ದುಡ್ಡು ಕೊಟ್ಟೆ. ಮೇಲುಗೊಬ್ಬರಕ್ಕೆ ಅಂತ ಎರಡು ಚೀಲ ಯೂರಿಯಾ ಕೇಳಿದ್ರು, ಈಗ ಹಾಕಿದ್ರೆ ರೋಗ ಇನ್ನೂ ಹಬ್ಬತದೆ, ಗದ್ದೆ ನೀರು ಬಸಿದು ಕೃಷಿ ಇಲಾಖೆಯೋರಿಗೆ ಗರಿ ತೋರಿಸಿ ಅಂತ ಕಳಿಸ್ದೆ.

ಮಂಗಳವಾರ ಟೋಪಿ ವಿಷಯಕ್ಕೆ ಮೈಸೂರಿಗೆ ಬತ್ತಿವ್ನಿ ಟೀಚರಮ್ಮ. ಇವತ್ತಿಂದ ಮನೇಲೂ ತೆಗೆಯಕಿಲ್ಲ.