ತೋಟದ ವ್ಯಾಗನಾರ್ ತಗೊಳ್ಳೋದಾ, ಬೆಂಗಳೂರಿನ ಸ್ವಿಫ್ಟ್ ತಗೊಳ್ಳೋದಾ?

ಪ್ರಶ್ನೆ: ಅಣ್ಣಾ, ನಾನು ಆಲ್ದೂರು ಕಡೆ ಶಾಲಾ ಮೇಷ್ಟ್ರು. ಶಾಲೆಗೆ ದಿನಾ ಹೋಗಿಬಂದು 16 ಕಿ.ಮೀ. ಆಗುತ್ತೆ, ತಿಂಗಳಿಗೊಮ್ಮೆ ಅಪ್ಪನ್ನ ಹಾಸನದ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಕೈಯಲ್ಲಿ ಎರಡೂವರೆ ಲಕ್ಷ ಇದೆ. ಎರಡು ಗಾಡಿ ನೋಡಿಟ್ಟಿದೀನಿ. ಒಂದು 2014ರ ವ್ಯಾಗನಾರ್ ಪೆಟ್ರೋಲ್, ಕೆಎ-18, ಒಬ್ಬರೇ ಓನರ್, ನಿವೃತ್ತರು, ಬಾಳೆಹೊನ್ನೂರು ಕಡೆ ಸಣ್ಣ ತೋಟ ಇದೆಯಂತೆ. 98,000 ಓಡಿದೆ, 2.45 ಹೇಳ್ತಾರೆ. ಇನ್ನೊಂದು 2011ರ ಸ್ವಿಫ್ಟ್ ಡೀಸೆಲ್, ಕೆಎ-05, ಮೂರನೇ ಓನರ್, ಮೀಟರ್ 72,000, ಡೀಲರ್ ಹತ್ರ 2.20. ಮನೇಲಿ ಎಲ್ಲರಿಗೂ ಸ್ವಿಫ್ಟೇ ಇಷ್ಟ. ಏನ್ ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಓಡಾಟದ ಲೆಕ್ಕ ಹಾಕಿ. ತಿಂಗಳಿಗೆ 600 ಕಿ.ಮೀ. ದಾಟಲ್ಲ. ಅಷ್ಟಕ್ಕೆ ಡೀಸೆಲ್‌ನಿಂದ ಉಳಿಯೋದು ಹೆಚ್ಚೂಕಮ್ಮಿ ಸಾವಿರ ರೂಪಾಯಿ. ಹಳೇ ಡೀಸೆಲ್ ಗಾಡಿ ಟರ್ಬೋನೋ ಇಂಜೆಕ್ಟರೋ ಕೈಕೊಟ್ಟರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಲ್ಲಿ ಹೋಗುತ್ತೆ. ಜೊತೆಗೆ 2011ರ ಗಾಡಿಗೆ 2026ರಲ್ಲಿ 15 ವರ್ಷ ತುಂಬುತ್ತೆ. ಆಮೇಲೆ ಎಫ್‌ಸಿ, ಅಂದ್ರೆ ಗಾಡಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್ ಮಾಡಿಸಿ ಆರ್‌ಸಿ (ನೋಂದಣಿ ಪತ್ರ) ನವೀಕರಿಸಬೇಕು, ಸಿಗೋದು ಐದು ವರ್ಷ. 2022ರ ಏಪ್ರಿಲ್‌ನಿಂದ ಕಾರಿಗೆ ಆ ಶುಲ್ಕವೇ 5,000, ಗ್ರೀನ್ ಟ್ಯಾಕ್ಸ್ ಬೇರೆ. ವ್ಯಾಗನಾರ್‌ಗೆ 2029ರ ತನಕ ಆ ತಲೆಬಿಸಿ ಇಲ್ಲ.

72,000 ಅನ್ನೋದನ್ನ ನಾನಂತೂ ನಂಬಲ್ಲ. ಮೀಟರ್ ತಿರುಗಿಸೋದು ಅರ್ಧ ಗಂಟೆ ಕೆಲಸ. ಕ್ಲಚ್, ಬ್ರೇಕ್ ಪೆಡಲ್‌ಗಳ ರಬ್ಬರ್ ನೋಡಿ, ಸ್ಟೇರಿಂಗ್ ನುಣುಪಾಗಿ ಹೊಳೀತಿದೆಯಾ ನೋಡಿ. ರಬ್ಬರ್ ಹೊಚ್ಚ ಹೊಸದಿದ್ದರೂ ಅನುಮಾನ ಪಡಿ, ಯಾಕೆ ಹಾಕಿಸಿದ್ರು ಅಂತ.

ಹಾಗಂತ ವ್ಯಾಗನಾರ್‌ಗೂ ಈಗಲೇ ಅಡ್ವಾನ್ಸ್ ಕೊಡಬೇಡಿ. ನಮ್ಮ ಕಡೆ ಗಾಡಿ ಎಷ್ಟು ಓಡಿದೆ ಅನ್ನೋದಕ್ಕಿಂತ ಎಲ್ಲಿ ಓಡಿದೆ ಅನ್ನೋದು ಮುಖ್ಯ. ಹೈವೇಲಿ ಒಂದೂಕಾಲು ಲಕ್ಷ ಓಡಿದ್ದು ಗಟ್ಟಿಯಾಗಿರುತ್ತೆ, ತೋಟದ ಒಳದಾರೀಲಿ ಐವತ್ತು ಸಾವಿರ ಓಡಿದ್ದು ಅಡಿಯಲ್ಲಿ ಸೊರಗಿರುತ್ತೆ. ಮಳೆಗಾಲ ಪೂರ್ತಿ ಕೆಸರು ಮೆತ್ಕೊಂಡೇ ನಿಂತಿರುತ್ತಲ್ಲ. ಬಾಗಿಲು ತೆಗೆದು ಕೆಳಗಿನ ಪಟ್ಟಿಯನ್ನ ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಟಣ್ ಅಂತಿರೋದು ಎಲ್ಲಾದ್ರೂ ಮಂದವಾದ್ರೆ ಅಲ್ಲಿ ತುಕ್ಕು, ಇಲ್ಲಾ ಪುಟ್ಟಿ, ಅಂದ್ರೆ ತೂತು ಮುಚ್ಚೋಕೆ ಮೆತ್ತಿದ ಪೇಸ್ಟ್. ಅಯಸ್ಕಾಂತ ಇಟ್ಟರೆ ಗೊತ್ತಾಗುತ್ತೆ, ಪುಟ್ಟಿ ಮೇಲೆ ಅಂಟಲ್ಲ. ಅಡಿಗೆಲ್ಲಾ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ರೆ ಅದರ ಒಳಗೇನಿದೆ ಅಂತ ಕೇಳಿ.

ಹೋಗೋದು ಬೆಳಿಗ್ಗೆ ಹೋಗಿ. ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಟ್ಟು, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡ್ತಿದಾರೆ. ಆಯಿಲ್ ಕ್ಯಾಪ್ ಒಳಗೆ ಸ್ವಲ್ಪ ಬಿಳಿ ನೊರೆ ಕಂಡರೆ ಹೆದರಬೇಡಿ, ನಮ್ಮ ಚಳಿಗೆ, ಸಣ್ಣ ಓಡಾಟಕ್ಕೆ ಹಾಗಾಗುತ್ತೆ. ಆದ್ರೆ ಆಯಿಲ್ ಅಳೆಯೋ ಕಡ್ಡಿ (ಡಿಪ್‌ಸ್ಟಿಕ್) ಎಳೆದಾಗಲೂ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದ್ರೆ ಕೈಮುಗಿದು ವಾಪಸ್ ಬನ್ನಿ. ಎಂಜಿನ್‌ಗೆ ನೀರು ಇಳಿದಿದೆ ಅಂತ ಅರ್ಥ.

ಕ್ಲಚ್ ಅಂತೂ ಏರಲ್ಲೇ ನೋಡಬೇಕು. ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗು ಮಾತ್ರ ಏರಿ ಗಾಡಿ ಏರದಿದ್ರೆ ಪ್ಲೇಟ್ ಮುಗಿದಿದೆ.

ಮಳೇಲಿ ಮಾತ್ರ ಗಾಡಿ ನೋಡಬೇಡಿ. ನನ್ನ ಮೊದಲನೇ ಕಾರನ್ನ ಜಡಿಮಳೇಲಿ, ಸಂಜೆ ಹೊತ್ತಲ್ಲಿ ನೋಡಿ ತಗೊಂಡೆ. ನೆಂದ ಗಾಡಿ, ಎಷ್ಟು ಹೊಳಪು ಅಂತೀರಿ! ಮಾರನೇ ದಿನ ಬಿಸಿಲು ಬಂದಾಗ ನೋಡ್ತೀನಿ, ಎಡಗಡೆ ಎರಡು ಬಾಗಿಲು ಒಂದು ಬಣ್ಣ, ಉಳಿದದ್ದು ಇನ್ನೊಂದು. ಗ್ಯಾರೇಜ್ ಇಟ್ಟೋನೇ ಹೀಗೆ ಟೋಪಿ ಹಾಕಿಸ್ಕೊಂಡ ಅಂತ ಹೆಂಡತಿ ಈಗಲೂ ಆಡಿಕೋತಾಳೆ.

ಪ್ರಶ್ನೆ (ಹಾಸನದಿಂದ ಒಬ್ಬರು): ಸರ್, ನೀರಲ್ಲಿ ಮುಳುಗಿದ ಗಾಡಿ ಕಂಡುಹಿಡಿಯೋದು ಹೇಗೆ? ದೆಹಲಿ ಗಾಡಿ ಅರ್ಧ ರೇಟಿಗೆ ಅಂತ ಬೇರೆ ಕಾಣ್ತಿದೆ.

ಉತ್ತರ: ಸೀಟ್ ಬೆಲ್ಟ್ ಪೂರ್ತಿ ಕೊನೇ ತನಕ ಹೊರಗೆಳೀರಿ. ಒಳಗೆ ಸುತ್ತಿಕೊಂಡಿರೋ ಭಾಗದಲ್ಲಿ ಕೆಸರಿನ ಗೆರೆ ಇದ್ರೆ ಮುಳುಗಿದ್ದೇ. ಸೀಟನ್ನ ಎಷ್ಟು ತೊಳೆದರೂ ಅಲ್ಲಿಗೆ ಯಾರೂ ಕೈಹಾಕಲ್ಲ. ಸೀಟ್ ಜಾರೋ ಕಂಬಿಯ ತುಕ್ಕನ್ನೂ ನೋಡಿ.

ದೆಹಲೀಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಕೋರ್ಟಿನ ನಿರ್ಬಂಧ ಬಿತ್ತಲ್ಲ, ಅದಕ್ಕೇ ಅಗ್ಗ. ಇಲ್ಲಿ ತಂದು ನೋಂದಣಿ ಮಾಡಿಸಬೇಕಾದ್ರೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಅಷ್ಟು ಓಡಾಡೋದಕ್ಕಿಂತ ನಿಮ್ಮ ಹಾಸನದ್ದೇ ಕೆಎ-13 ನಂಬರಿನ ಗಾಡಿ ಹುಡುಕೋದು ವಾಸಿ.

ಪ್ರಶ್ನೆ (ಮೂಡಿಗೆರೆಯ ಒಬ್ಬ ಮೇಡಂ): ಏರ್‌ಬ್ಯಾಗ್ ವಿಷಯ ಯಾರೂ ಎತ್ತಲಿಲ್ಲವಲ್ಲ?

ಉತ್ತರ: ಒಳ್ಳೇದು ನೆನಪಿಸಿದ್ರಿ ಮೇಡಂ. ಚಾಲಕರ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈನಲ್ಲಿ. ಈ ಬಜೆಟ್ಟಿನ ಹಳೇ ಗಾಡಿಗಳಲ್ಲಿ ಬಹಳಷ್ಟಕ್ಕೆ ಇರಲ್ಲ. ಮೇಷ್ಟ್ರೇ, ಸ್ಟೇರಿಂಗ್ ಮೇಲೆ ನೋಡಿ ಖಚಿತ ಮಾಡ್ಕೊಳ್ಳಿ. ಇಲ್ಲದಿದ್ರೆ ಚಾರ್ಮಾಡಿ, ಶಿರಾಡಿ ಇಳಿಯುವಾಗ ಅದು ತಲೇಲಿರಲಿ.

ಪ್ರಶ್ನೆ (ಮೇಷ್ಟ್ರು, ಮುಂದಿನ ಭಾನುವಾರ): ವ್ಯಾಗನಾರ್ ನೋಡಿ ಬಂದೆ ಅಣ್ಣಾ. ಬಾನೆಟ್ ತಣ್ಣಗಿತ್ತು, ಆಯಿಲ್ ಸರಿ ಇದೆ, ಕ್ಲಚ್ ಏರಲ್ಲಿ ಜಾರಲಿಲ್ಲ. ಎಡಗಡೆ ಹಿಂದಿನ ಬಾಗಿಲ ಕೆಳಗೆ ಒಂದು ಗೇಣು ಜಾಗದಲ್ಲಿ ಶಬ್ದ ಮಂದ. ಟೈರ್ ನಾಲ್ಕೂ ಗೆರೆ ಚೆನ್ನಾಗಿದೆ, ಪಕ್ಕದಲ್ಲಿ 2217 ಅಂತ ಇದೆ. ಆರ್‌ಸಿಲಿ ಬ್ಯಾಂಕ್ ಹೆಸರು ಇನ್ನೂ ಇದೆ, ಸಾಲ ಯಾವಾಗಲೋ ತೀರಿದೆ ಅಂತಾರೆ. 2.30ಕ್ಕೆ ಬಂದಿದಾರೆ.

ಉತ್ತರ: 2217 ಅಂದ್ರೆ 2017ನೇ ಇಸವಿ 22ನೇ ವಾರದಲ್ಲಿ ತಯಾರಾದ ಟೈರು. ಗೆರೆ ಇದ್ದು ಏನು ಮಾಡೋಣ, ರಬ್ಬರ್ ಗಟ್ಟಿಯಾಗಿರುತ್ತೆ, ಮಳೇಲಿ ಹಿಡಿಯಲ್ಲ. ನಾಲ್ಕೂ ಬದಲಾಯಿಸಿ. ಆ ಒಂದು ಗೇಣಿಗೆ ಟಿಂಕರಿಂಗ್‌ನವರ ಹತ್ರ ಕೊಯ್ದು ವೆಲ್ಡ್ ಮಾಡಿಸಬೇಕು, ಗಾಡಿ ಬಿಡುವಂಥ ದೋಷ ಅಲ್ಲ. ಇವೆರಡನ್ನೂ ಹೇಳಿ 2.10ಕ್ಕೆ ಕೇಳಿ, 2.15ರ ಮೇಲೆ ಹೋಗಬೇಡಿ. ಉಳಿದದ್ದು ಗಾಡಿಗೇ ಬೇಕಾಗುತ್ತೆ.

ಸಾಲ ತೀರಿದೆ ಅನ್ನೋ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸೋ ಫಾರಂ 35 ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡಬೇಡಿ, ಎಷ್ಟೇ ಒಳ್ಳೇ ಮನುಷ್ಯರಾಗಿರಲಿ. ಗಾಡಿ ನಿಮ್ಮ ಹೆಸರಿಗೆ ವರ್ಗ ಮಾಡೋ ಫಾರಂ 29, 30ಕ್ಕೆ ಓನರ್ ಕೈಲಿ ನಿಮ್ಮ ಎದುರಿಗೇ ತಾರೀಖು ಸಮೇತ ಸಹಿ ಹಾಕಿಸಿ. ಆರ್‌ಸಿ ವರ್ಗಾವಣೆಗೆ 30 ದಿನ, ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನ. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ನಿಮಗೆ ಬರಲ್ಲ, ಪ್ರೀಮಿಯಂ ವ್ಯತ್ಯಾಸ ಕಟ್ಟೋಕೆ ಸ್ವಲ್ಪ ದುಡ್ಡು ಇಟ್ಕೊಂಡಿರಿ. ಬಾಕಿ ಫೈನ್ ಇದೆಯಾ ಅಂತ ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ.

ಬುಧವಾರ ಬೆಳಿಗ್ಗೆ ನಮ್ಮ ಗ್ಯಾರೇಜಿನ ಪಿಟ್, ಅಂದ್ರೆ ಗಾಡಿ ಅಡಿ ನೋಡೋ ಗುಂಡಿ, ಖಾಲಿ ಇರುತ್ತೆ. ಗಾಡಿ ತರುವಾಗ ಓನರನ್ನೂ ಜೊತೇಲೇ ಕರ್ಕೊಂಡು ಬನ್ನಿ, ಅಡಿಯಲ್ಲಿ ಏನಿದೆ ಅಂತ ಅವರೂ ಒಂದ್ಸಲ ನೋಡಲಿ.