ಪುಸ್ತಕದಲ್ಲಿ ಬರೆದಿಲ್ಲದ್ದನ್ನು ಊಹಿಸಲು ಕಲಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು:

ನಾಲ್ಕು ಮತ್ತು ಐದನೇ ತರಗತಿಗಳಲ್ಲಿ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳ ಗುಂಪೊಂದಕ್ಕೆ ಪಾಠ ಮಾಡುತ್ತೇನೆ. ‘ಹುಡುಗ ಎಲ್ಲಿಗೆ ಹೋದ?’ ಎಂದು ಕೇಳಿದರೆ ಸರಿಯಾದ ಸಾಲಿನ ಮೇಲೆ ಬೆರಳಿಡುತ್ತಾರೆ. ‘ಯಾಕೆ ಮಾತನಾಡದೆ ಹೋದ?’ ಎಂದರೆ ಅದೇ ಸಾಲನ್ನು ಇನ್ನೊಮ್ಮೆ ಓದಿ ಹೇಳುತ್ತಾರೆ, ಇಲ್ಲವೇ ‘ಪುಸ್ತಕದಲ್ಲಿ ಕೊಟ್ಟಿಲ್ಲ ಮಿಸ್’ ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಓದಿದ್ದಕ್ಕೂ ಉತ್ತರಕ್ಕೂ ಸಂಬಂಧವೇ ಇಲ್ಲದಂತೆ ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಇಂಥ ಮಕ್ಕಳಿಗೆ ಕಲಿಸಿದವರು ದಯವಿಟ್ಟು ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ, ಎರಡನ್ನೂ ತಿಳಿಸಿ.

ಪ್ರಾಥಮಿಕ ಶಾಲೆಯ ಶಿಕ್ಷಕಿ:

ಮೇಡಂ, ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಅದೇ ಗದ್ಯಭಾಗವನ್ನು ನೀವೇ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿಸಿ, ಅದೇ ‘ಯಾಕೆ’ ಪ್ರಶ್ನೆ ಕೇಳಿ. ಕೇಳಿಸಿಕೊಂಡಾಗ ಸರಿಯಾಗಿ ಉತ್ತರಿಸುವ ಮಗುವಿಗೆ ಊಹೆಯ ಪಾಠ ಬೇಕಾಗಿಲ್ಲ. ಅದರ ಶಕ್ತಿಯೆಲ್ಲ ಒತ್ತಕ್ಷರ ಬಿಡಿಸುವುದರಲ್ಲೇ ಖರ್ಚಾಗುತ್ತಿದೆ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತೆಂಬುದು ಮರೆತಿರುತ್ತದೆ. ಆ ಮಗುವಿಗೆ ಬೇಕಾದದ್ದು ಸರಾಗ ಓದಿನ ಅಭ್ಯಾಸ. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಗುಣಾಕಾರದ ಲೆಕ್ಕವಾಗಿ ಹೇಳಿದರು: ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ಗ್ರಹಿಸುವ ಶಕ್ತಿಯಿಂದ ಗುಣಿಸಿದರೆ ಸಿಗುವುದೇ ಓದಿನ ಗ್ರಹಿಕೆ. ಕೂಡುವ ಲೆಕ್ಕವಲ್ಲವಾದ್ದರಿಂದ ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ.

ಕೇಳಿಸಿಕೊಂಡಾಗಲೂ ತಡವರಿಸುವ ಮಕ್ಕಳಿಗಾಗಿ ನಾನು ಎರಡು ಮೂರು ವಾಕ್ಯಗಳ ತುಣುಕುಗಳನ್ನು ನಾನೇ ಬರೆದುಕೊಳ್ಳುತ್ತೇನೆ. ಉದಾಹರಣೆಗೆ ಇದು:

‘ಬಾಗಿಲ ಬಳಿ ಒದ್ದೆ ಛತ್ರಿ ಇತ್ತು. ಅಮ್ಮ ಮೆಟ್ಟಿಲ ಮೇಲಿನ ಹೆಜ್ಜೆಗುರುತುಗಳನ್ನು ನೋಡಿದಳು. ಒಳಗೆ ಹೋಗಿ ಪಾತ್ರೆಗೆ ಇನ್ನೊಂದು ಲೋಟ ನೀರು ಸುರಿದಳು.’

ಏನಾಗಿದೆ ಎಂದು ಕೇಳಿದರೆ ‘ಮಳೆ ಬಂದಿದೆ’ ಎಂಬ ಉತ್ತರ ಬೇಗ ಬರುತ್ತದೆ. ‘ಅಮ್ಮ ಹೊರಗೆ ಹೋಗಿ ಬಂದಿದ್ದಾಳೆ’ ಎಂದೂ ಯಾರಾದರೂ ಹೇಳುತ್ತಾರೆ. ಅದನ್ನು ತಪ್ಪು ಎನ್ನಬೇಡಿ. ‘ಯಾವ ಮಾತಿನಿಂದ ನಿನಗೆ ಹಾಗೆ ಅನ್ನಿಸಿತು?’ ಎಂದು ಕೇಳಿ. ‘ಒದ್ದೆ ಛತ್ರಿ’ ಎನ್ನುತ್ತದೆ ಮಗು. ಸರಿ, ಉಳಿದ ಮಾತುಗಳು ಇದಕ್ಕೆ ಒಪ್ಪುತ್ತವೆಯೇ? ತನ್ನದೇ ಹೆಜ್ಜೆಗುರುತನ್ನು ಅಮ್ಮ ನಿಂತು ನೋಡುವುದೇಕೆ? ಆಗ ಗುಂಪಿನಲ್ಲಿ ಒಬ್ಬರಲ್ಲ ಒಬ್ಬರು ‘ಇನ್ನೊಂದು ಲೋಟ’ಕ್ಕೆ ಬಂದು ನಿಲ್ಲುತ್ತಾರೆ: ಇನ್ನೊಂದು ಯಾರಿಗೆ? ಯಾರೋ ಬಂದಿದ್ದಾರೆ! ಅಲ್ಲಿಗೆ ತುಣುಕೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಈ ಎರಡು ಪ್ರಶ್ನೆಗಳನ್ನು, ಅಂದರೆ ‘ಯಾವ ಮಾತಿನಿಂದ ಹಾಗೆ ಅನ್ನಿಸಿತು’ ಮತ್ತು ‘ಉಳಿದ ಮಾತು ಒಪ್ಪುತ್ತದೆಯೇ’ ಎಂಬುದನ್ನು, ಉತ್ತರ ಸರಿಯಿದ್ದಾಗಲೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ ಮಕ್ಕಳು ಬಹಳ ಬೇಗ ಪತ್ತೆ ಹಚ್ಚುತ್ತಾರೆ. ನೀವು ಕೇಳಿದ ಕೂಡಲೇ ಉತ್ತರ ಬದಲಾಯಿಸುತ್ತಾರೆ.

ಭಾಷಾ ಶಿಕ್ಷಕರು:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ‘ಯಾಕೆ’ಗೆ ಹೋಗುವ ಮುನ್ನ ‘ಯಾರು’ ಎಂಬುದು ಗೊತ್ತಿದೆಯೇ ನೋಡಿ. ಕನ್ನಡದ ವಾಕ್ಯದಲ್ಲಿ ಕರ್ತೃಪದವನ್ನು ಧಾರಾಳವಾಗಿ ಬಿಟ್ಟುಬಿಡುತ್ತೇವೆ, ದೊಡ್ಡವರಿಗೆ ಅದು ಗಮನಕ್ಕೇ ಬರುವುದಿಲ್ಲ. ‘ಮಾವ ಬರುವ ಹೊತ್ತಿಗೆ ಗಿರೀಶ ಮಲಗಿದ್ದ. ಎಬ್ಬಿಸದೆ ಹೊರಟುಹೋದರು.’ ಹೊರಟವರು ಯಾರು? ಓದಿನಲ್ಲಿ ಹಿಂದಿರುವ ಮಕ್ಕಳು ‘ಗಿರೀಶ’ ಎನ್ನುವುದುಂಟು, ಏಕೆಂದರೆ ಹತ್ತಿರದಲ್ಲಿರುವ ಹೆಸರು ಅದೇ. ‘ಹೋದ’ ಎಂದಿಲ್ಲ, ‘ಹೋದರು’ ಎಂದಿದೆ ಎಂಬ ಸುಳಿವು ಕ್ರಿಯಾಪದದ ಬಾಲದಲ್ಲಿದೆ. ಪದದ ಮೊದಲ ಎರಡಕ್ಷರ ನೋಡಿ ಉಳಿದದ್ದನ್ನು ಅಂದಾಜಿನ ಮೇಲೆ ಓದುವ ಮಗುವಿಗೆ ಆ ಬಾಲ ಕಾಣಿಸುವುದೇ ಇಲ್ಲ. ಎಬ್ಬಿಸದೇ ಇದ್ದದ್ದು ಯಾರನ್ನು ಎಂಬುದನ್ನಂತೂ ಬರೆದೇ ಇಲ್ಲ.

ಹಾಗೆಯೇ ‘ಅವರು’. ಅದು ಒಬ್ಬ ಹಿರಿಯರೋ ನಾಲ್ಕು ಜನವೋ ಎಂಬುದನ್ನು ಹಿಂದಿನ ವಾಕ್ಯದಿಂದಲೇ ತಿಳಿಯಬೇಕು. ಪ್ರತಿ ‘ಅವರು’, ‘ತಾನು’, ‘ಅದು’ ಬಂದಾಗ ಪೆನ್ಸಿಲಿನಿಂದ ಗೆರೆ ಎಳೆದು ಅದು ಸೂಚಿಸುವ ಹೆಸರಿಗೆ ಸೇರಿಸುವ ಅಭ್ಯಾಸ ಮಾಡಿಸಿ. ನೋಡಲು ಚಿಲ್ಲರೆ ಕೆಲಸ, ಆದರೆ ಕತೆ ಅರ್ಥವಾಗಲಿಲ್ಲ ಎನ್ನುವ ಮಕ್ಕಳು ಹಲವು ಸಲ ಇಲ್ಲೇ ದಾರಿ ತಪ್ಪಿರುತ್ತಾರೆ.

ಇನ್ನೊಂದು ಮಾತು. ‘ಮಳೆ ಬಂದು ಆಟ ನಿಂತಿತು’ ಎಂಬಲ್ಲಿ ‘ಆದ್ದರಿಂದ’ ಎಂಬ ಪದ ಇಲ್ಲ, ಕಾರಣವೆಲ್ಲ ‘ಬಂದು’ವಿನಲ್ಲಿ ಅಡಗಿದೆ. ‘ಅವನು ಮನೆಗೆ ಬಂದು ಊಟ ಮಾಡಿದ’ ಎಂಬಲ್ಲಿ ಅದೇ ‘ಬಂದು’ ಬರಿಯ ಹಿಂದುಮುಂದನ್ನು ಹೇಳುತ್ತದೆ. ಇಂಥ ವಾಕ್ಯಗಳನ್ನು ಜೋಡಿಯಾಗಿ ಕೊಟ್ಟು, ಯಾವುದಕ್ಕೆ ‘ಆದ್ದರಿಂದ’ ಸೇರಿಸಿದರೆ ಹೊಂದುತ್ತದೆ ಎಂದು ಕೇಳಿ. ‘ಕೊನೆಗೆ ಸುಮಾಳೂ ನಕ್ಕಳು’ ಎಂಬ ಒಂದೇ ಸಾಲಿನಿಂದ ಎಷ್ಟು ಸಂಗತಿ ತಿಳಿಯುತ್ತದೆ ಎಂದು ಕೇಳಿದರೆ ಒಂದು ಅವಧಿಯೇ ಸಾಲದು: ಬೇರೆಯವರು ಮೊದಲೇ ನಕ್ಕಿದ್ದಾರೆ, ಸುಮಾ ಅಷ್ಟು ಹೊತ್ತು ನಕ್ಕಿರಲಿಲ್ಲ, ಬಹುಶಃ ಕೋಪವೋ ಬೇಸರವೋ ಇತ್ತು. ಮೊದಲಿನ ಎರಡು ಖಚಿತ, ಮೂರನೆಯದು ಸಾಧ್ಯತೆ. ಈ ವ್ಯತ್ಯಾಸವನ್ನು ಮಕ್ಕಳ ಬಾಯಿಂದಲೇ ಹೇಳಿಸಬಹುದು.

ಓದಿನ ತೊಂದರೆ ಇರುವ ಮಕ್ಕಳಿಗೆ ವಿಶೇಷ ತರಬೇತಿ ಕೊಡುವವರು:

ವಿಷಯಜ್ಞಾನದ ಮಾತನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಅಮೆರಿಕದ ಶಾಲಾಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವರ್ಣನೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಚೆನ್ನಾಗಿ ಓದಿಯೂ ಆಟ ಅರಿಯದವರಿಗಿಂತ ಹೆಚ್ಚು ಗ್ರಹಿಸಿದ್ದರು. ಲೇಖಕರು ಬಿಟ್ಟ ಜಾಗವನ್ನು ತುಂಬಲು ಓದುವವರ ಹತ್ತಿರ ಸರಕು ಇರಬೇಕಲ್ಲ! ಹಾಗಾಗಿ ಊಹೆ ಕಲಿಸುವಾಗ ಮಕ್ಕಳಿಗೆ ಗೊತ್ತಿರುವ ವಿಷಯದ ಪಠ್ಯವನ್ನೇ ಆರಿಸಿ. ಅಪರಿಚಿತ ವಿಷಯವಾದರೆ ಓದುವ ಮುನ್ನ ಐದು ನಿಮಿಷ ಮಾತನಾಡಿ: ನಿಮಗೆ ಹೀಗಾದರೆ ಏನು ಮಾಡುತ್ತಿದ್ದಿರಿ, ಕತೆಯ ಹುಡುಗಿ ಏನು ಮಾಡಬಹುದು ಎಂದು. ಹ್ಯಾನ್ಸೆನ್ ಮತ್ತು ಪಿಯರ್ಸನ್ 1983ರಲ್ಲಿ ನಾಲ್ಕನೇ ತರಗತಿಯ ಮಕ್ಕಳೊಂದಿಗೆ ಇದನ್ನೇ ಮಾಡಿ, ಓದಿದ ಮೇಲೆ ಊಹೆ ಬೇಡುವ ಪ್ರಶ್ನೆಗಳನ್ನು ಹೆಚ್ಚಾಗಿ ಕೇಳಿದರು. ಪ್ರಯೋಜನ ಕಂಡದ್ದು ಓದಿನಲ್ಲಿ ಹಿಂದಿದ್ದವರಲ್ಲೇ. ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಜಾಣರಿಗೆ ‘ಯಾಕೆ’, ಹಿಂದಿರುವವರಿಗೆ ‘ಯಾರು, ಎಲ್ಲಿ, ಯಾವಾಗ’. ಕೇಳದ ಪ್ರಶ್ನೆಗೆ ಉತ್ತರಿಸಲು ಅವರು ಕಲಿಯುವುದಾದರೂ ಹೇಗೆ?

ಚಿತ್ರ ತೋರಿಸಿ ಊಹೆ ಮಾಡಿಸುವ ಚಟುವಟಿಕೆ ಮೊದಲ ಒಂದೆರಡು ದಿನಕ್ಕೆ ಚೆಂದ, ಅಷ್ಟೇ. ಚಿತ್ರದಲ್ಲಿ ಚೆನ್ನಾಗಿ ಊಹಿಸುವ ಮಗು ಪಠ್ಯಕ್ಕೆ ಬಂದಾಗ ಮತ್ತೆ ಮೌನ. ಉತ್ತರ ಎಲ್ಲಿ ಸಿಗುತ್ತದೆ ಎಂಬುದರ ಮೇಲೆ ಪ್ರಶ್ನೆಗಳನ್ನು ‘ಇಲ್ಲೇ ಇದೆ’, ‘ಹುಡುಕಿ ಸೇರಿಸು’, ‘ಲೇಖಕರು ಮತ್ತು ನಾನು’, ‘ನಾನೇ’ ಎಂದು ನಾಲ್ಕಾಗಿ ವಿಂಗಡಿಸುವ ಸಂಶೋಧಕಿ ಟಾಫಿ ರಾಫೆಲ್ ಅವರ ವಿಧಾನ ಪ್ರಸಿದ್ಧ. ‘ಪುಸ್ತಕದಲ್ಲಿ ಕೊಟ್ಟಿಲ್ಲ’ ಎನ್ನುವ ನಿಮ್ಮ ಮಕ್ಕಳಿಗೆ ಅದು ಹೊಂದುತ್ತದೆ, ಪುಸ್ತಕದಲ್ಲಿ ಇಲ್ಲದ್ದೂ ಉತ್ತರವಾಗಬಹುದು ಎಂದು ಅದರಿಂದ ತಿಳಿಯುತ್ತದೆ. ಆದರೆ ಪ್ರಶ್ನೆ ಯಾವ ಗುಂಪಿನದು ಎಂಬ ಚರ್ಚೆಯಲ್ಲೇ ತರಗತಿ ಮುಗಿದುಹೋಗದಂತೆ ನೋಡಿಕೊಳ್ಳಿ.

ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಓದಿ ಕೇಳಿಸುವ ಪರೀಕ್ಷೆ ಮಾಡಿದೆ. ಇಬ್ಬರು ಮಕ್ಕಳು ನಿಜಕ್ಕೂ ಅಕ್ಷರದಲ್ಲೇ ಸಿಕ್ಕಿಕೊಂಡಿದ್ದಾರೆ, ಅವರನ್ನು ಬೇರೆ ಕೂರಿಸುತ್ತೇನೆ. ಉಳಿದವರಲ್ಲಿ ಒಬ್ಬಳು ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ಅವಳಿಗೆ ಏನು ಮಾಡಲಿ?

ಪ್ರಾಥಮಿಕ ಶಾಲೆಯ ಶಿಕ್ಷಕಿ:

ಅವಳಿಂದ ಸದ್ಯಕ್ಕೆ ಉತ್ತರ ಕೇಳಬೇಡಿ, ಉತ್ತರಗಳನ್ನು ನೀವೇ ಕೊಡಿ. ಎರಡು ಚೀಟಿಗಳಲ್ಲಿ ಎರಡು ಊಹೆ ಬರೆದಿಡಿ: ‘ಹುಡುಗನಿಗೆ ಕೋಪ ಬಂದಿದೆ’, ‘ಹುಡುಗನಿಗೆ ನಾಚಿಕೆಯಾಗಿದೆ’. ಎರಡೂ ನಂಬುವಂತಿರಲಿ, ಒಂದು ಹಾಸ್ಯಾಸ್ಪದವಾಗಿದ್ದರೆ ಯೋಚನೆಗೆ ಕೆಲಸವಿಲ್ಲ. ಪಠ್ಯಕ್ಕೆ ಹೆಚ್ಚು ಒಪ್ಪುವ ಚೀಟಿಯನ್ನು ಆ ಸಾಲಿನ ಪಕ್ಕ ಇಡಲಿ. ಮಾತು ಬೇಡ, ಬೆರಳು ಸಾಕು. ಇಡುವುದು ಸಲೀಸಾದ ಮೇಲೆ ಒಂದು ಚೀಟಿಯನ್ನು ಖಾಲಿ ಬಿಡಿ, ಅದರಲ್ಲಿ ಅವಳು ತನಗೆ ತೋಚಿದ್ದನ್ನು ಬರೆಯಲಿ.